ಬ್ಯಾಟರಿ ಪಾನಾ ಬೇಕೋ ಬೇಡವೋ

ಕೊತ್ತಂಬರಿ ತರಲು ಪೇಟೆಗೆ ಹೋದ ಮುದುಕನಿಗೆ ಹಾರ್ಡ್‌ವೇರ್ ಅಂಗಡಿಯ ಗಾಜಿನ ಮುಂದೆ ಏನು ಕೆಲಸ? ಆದರೂ ನಿಂತಿದ್ದೇನೆ. ಒಂದು ದಿನವಲ್ಲ, ಹಲವು ದಿನ. ಚೀಲದಲ್ಲಿ ಕೊತ್ತಂಬರಿ ಬಾಡುತ್ತಿರುತ್ತದೆ, ಹಿಂದೆ ರಿಕ್ಷಾದವರು ಹಾರ್ನ್ ಹೊಡೆಯುತ್ತಿರುತ್ತಾರೆ, ನಾನು ಗಾಜಿಗೆ ಮೂಗು ತಾಗಿಸಿ ಒಳಗಿನ ಹಸಿರು ಬಣ್ಣದ ಯಂತ್ರವೊಂದನ್ನು ನೋಡುತ್ತಿರುತ್ತೇನೆ. ಮನೆಗೆ ಹೋದ ಮೇಲೆ ನನ್ನ ಹೆಂಡತಿ ಗಂಗವ್ವ ಸೊಪ್ಪಿನ ಸೂಡನ್ನು ಎತ್ತಿ ಹಿಡಿದು ಕೇಳುತ್ತಾಳೆ, "ಗೋವಾಕ್ಕ ಹೋಗಿ ತಿರಿಗಿ ಬಂದ ಕೊತ್ತಂಬರಿ ಏನ್ರಿ ಇದು?"

ಆ ಯಂತ್ರ ಮಕ್ಕಳ ಆಟದ ಪಿಸ್ತೂಲಿನಂತೆ ಗಿಡ್ಡಗೆ, ದಪ್ಪಗೆ ಇದೆ. ವಾಯರಿಲ್ಲ, ಹಿಡಿಕೆಯ ಬುಡದಲ್ಲಿ ಬ್ಯಾಟರಿ ಸಿಕ್ಕಿಸಿದ್ದಾರೆ. ಅದರ ಮೂತಿಯನ್ನು ಕಾರಿನ ಗಾಲಿಯ ನಟ್ಟಿಗೆ ಹಚ್ಚಿ ಗುಂಡಿ ಒತ್ತಿದರೆ ಟರ್ರ್ ಎಂದು ನಟ್ಟು ಬಿಚ್ಚಿಕೊಳ್ಳುತ್ತದೆ. ಕೈ ನೋಯುವುದಿಲ್ಲ, ಬೆವರು ಬರುವುದಿಲ್ಲ. ಡಬ್ಬಿಯ ಮೇಲೆ ಕಾರ್ಡ್‌ಲೆಸ್ ಇಂಪ್ಯಾಕ್ಟ್ ರೆಂಚ್ ಎಂದು ಬರೆದಿದೆ. ಸ್ಪ್ಯಾನರಿಗೆ ನಮ್ಮ ಕಡೆ ಪಾನಾ ಎನ್ನುವುದರಿಂದ ನಾನು ಇದಕ್ಕೆ ಬ್ಯಾಟರಿ ಪಾನಾ ಎಂದು ಹೆಸರಿಟ್ಟುಕೊಂಡೆ. ಹೆಸರಿಟ್ಟ ಮೇಲೆ ಮೋಹ ಹೆಚ್ಚಾಗುತ್ತದೆ. ಕೂಸಿಗೂ ಹಾಗೆಯೇ, ಯಂತ್ರಕ್ಕೂ ಹಾಗೆಯೇ.

ಬೇಕೋ ಬೇಡವೋ ಎಂದು ನಾನು ತೂಗುತ್ತಿದ್ದದ್ದು ಅದರ ಬೆಲೆಯನ್ನಲ್ಲ. ಅದನ್ನು ಕೊಂಡರೆ ನಾನು ಮನೆಯಲ್ಲಿ ಹೇಳಬೇಕಾಗಿದ್ದ ಒಂದು ಮಾತು ಹೇಳದೆಯೇ ಮುಗಿದು ಹೋಗುತ್ತಿತ್ತು. ಕೊಳ್ಳದಿದ್ದರೆ ಹೇಳಬೇಕಾಗುತ್ತಿತ್ತು. ಇಷ್ಟೇ ನನ್ನ ಸಂಕಟ. ಆದರೆ ಈ ಇಷ್ಟಕ್ಕೆ ಬರಬೇಕಾದರೆ ನಾನು ಎಂಥ ಮನುಷ್ಯ ಎಂಬುದು ನಿಮಗೆ ಮೊದಲು ಗೊತ್ತಾಗಬೇಕು.

ನಾನು ಬಿಗಿಯುವ ಮನುಷ್ಯ.

ಮ್ಯಾಟ್ರಿಕ್ ಮುಗಿಸಿ ಬೆಳಗಾವಿಯ ವಡಗಾವಿಯಲ್ಲಿ ಹಿಟ್ಟಿನ ಗಿರಣಿ ಹಾಕಿದೆ. ಗಿರಣಿ ಎಂದರೆ ಹಿಟ್ಟು ಎಂದು ಎಲ್ಲರೂ ತಿಳಿಯುತ್ತಾರೆ. ಗಿರಣಿ ಎಂದರೆ ನಡುಕ. ಬೆಳಗಿನಿಂದ ಸಂಜೆಯವರೆಗೆ ಕಲ್ಲು ತಿರುಗಿ, ಪಟ್ಟಾ ತಿರುಗಿ, ನೆಲ ನಡುಗಿ, ಗೋಡೆಯ ಮೇಲಿನ ಕ್ಯಾಲೆಂಡರ್ ಕೂಡ ಸರಿದು ಸರಿದು ಮೂಲೆಗೆ ಹೋಗುತ್ತಿತ್ತು. ನಡುಗುವ ಮನೆಯಲ್ಲಿ ನಟ್ಟುಗಳು ತಾವಾಗಿಯೇ ಸಡಿಲಾಗುತ್ತವೆ. ಹಾಗಾಗಿ ದಿನಾ ಬೆಳಿಗ್ಗೆ ಲಿಂಗಪೂಜೆ ಆದ ಮೇಲೆ ನನ್ನ ಎರಡನೆಯ ಪೂಜೆ ಪಾನಾದ್ದು. ಒಂದೊಂದು ನಟ್ಟನ್ನೂ ಮುಟ್ಟಿ ಬಿಗಿಯುತ್ತಿದ್ದೆ. ಜೋಳ ತಂದ ಹೆಂಗಸರು ಬಾಗಿಲಲ್ಲಿ ಕುಳಿತು ಕೂಗುತ್ತಿದ್ದರು, "ಆತೇನೋ ಮಲ್ಲಪ್ಪಣ್ಣಾ ನಿನ್ನ ನಟ್ಟಿನ ಆರತಿ?" ಹೈಸ್ಕೂಲಿನಲ್ಲಿ ನಾನು ಪೂರ್ತಿ ಅರ್ಥ ಮಾಡಿಕೊಂಡಿದ್ದ ಪಾಠವೆಂದರೆ ಸನ್ನೆಕೋಲಿನದೊಂದೇ. ಕೋಲು ಉದ್ದವಾದಷ್ಟೂ ಬಲ ಹೆಚ್ಚು. ಆ ಪಾಠ ಕಲಿಸಿದ ಮಾಸ್ತರರು ಅದನ್ನು ಕಲಿಸದೆ ಇದ್ದಿದ್ದರೆ ನನ್ನ ಮನೆಯವರಿಗೆ ಎಷ್ಟೋ ಸುಖವಾಗುತ್ತಿತ್ತು.

ಏಕೆಂದರೆ ಗಿರಣಿಯ ಚಟ ಮನೆಗೂ ಬಂತು. ನಾನು ಮುಚ್ಚಿದ ಉಪ್ಪಿನಕಾಯಿಯ ಬರಣಿ ನಾನೇ ತೆಗೆಯಬೇಕು. ನಾನು ನಿಲ್ಲಿಸಿದ ನಳ ನಾನೇ ಬಿಡಬೇಕು. ಒಮ್ಮೆ ಖಾನಾಪುರಕ್ಕೆ ಮದುವೆಗೆಂದು ಹೋದವನು ಎರಡು ದಿನ ಉಳಿದುಬಿಟ್ಟೆ. ತಿರುಗಿ ಬಂದಾಗ ಗಂಗವ್ವ ಮೂರು ಡಬ್ಬಿ, ಒಂದು ಎಣ್ಣೆಯ ಬಾಟಲಿ, ಒಂದು ಬರಣಿ ಇಷ್ಟನ್ನೂ ಪಡಸಾಲೆಯಲ್ಲಿ ಸಾಲಾಗಿ ಇಟ್ಟುಕೊಂಡು ಕುಳಿತಿದ್ದಳು. "ಮೊದಲ ಇವನ್ನ ಬಿಚ್ಚರಿ. ಆಮ್ಯಾಲೆ ನೀರ ಕೊಡತೀನಿ." ಅಂದಿನಿಂದ ನಮ್ಮ ಅಡುಗೆಮನೆಗೆ ಆಕೆ ಮಾಡಿದ ಕಾಯ್ದೆ ಒಂದೇ: ಬಿಗಿದವರೇ ಬಿಚ್ಚಬೇಕು. ನಾನು ಅದನ್ನು ನನ್ನ ಬಲಕ್ಕೆ ಸಿಕ್ಕ ಬಿರುದು ಎಂದು ತಿಳಿದಿದ್ದೆ.

ಬಲ ಎಂದು ಹೇಳಿಕೊಂಡದ್ದು ಖರೇ ಹೇಳಬೇಕೆಂದರೆ ಭಯ. ಈ ಭಯಕ್ಕೆ ಒಂದು ಊರಿದೆ, ದೇಸೂರ. ಅಲ್ಲಿಯ ಇಳಿಜಾರಿನಲ್ಲಿ ನಾನು ಸಣ್ಣವನಿದ್ದಾಗ ನಮ್ಮಪ್ಪನ ಚಕ್ಕಡಿಯಲ್ಲಿ ಭತ್ತದ ಚೀಲಗಳ ಮೇಲೆ ಕುಳಿತು ಬರುತ್ತಿದ್ದೆ. ಎತ್ತುಗಳು ನಿಧಾನಕ್ಕೆ ಇಳಿಯುತ್ತಿದ್ದವು. ಅಷ್ಟರಲ್ಲಿ ನಮ್ಮ ಬಲಗಡೆಯಿಂದ ಒಂದು ಗಾಲಿ ಒಂಟಿಯಾಗಿ ಉರುಳುತ್ತ ಬಂದು, ನಮ್ಮನ್ನು ದಾಟಿ, ಎತ್ತುಗಳನ್ನೂ ದಾಟಿ, ದಾರಿಯ ನಟ್ಟನಡುವೆ ಠೀವಿಯಿಂದ ಮುಂದೆ ಹೊರಟಿತು. ಅಪ್ಪ ಬೀಡಿ ಬಾಯಿಂದ ತೆಗೆದು, "ಯಾರದೋ ಗಾಲಿ ಹೊಂಟೈತಿ ನೋಡಲೇ ಮಲ್ಯಾ" ಎಂದ. ಆ ಮಾತು ಮುಗಿಯುವ ಮೊದಲೇ ಚಕ್ಕಡಿ ಬಲಕ್ಕೆ ವಾಲಿತು. ಚೀಲಗಳೂ ನಾನೂ ಕೂಡಿಯೇ ನೆಲಕ್ಕೆ ಬಿದ್ದೆವು. ಅಚ್ಚಿನ ತುದಿಯ ಕೀಲು ಎಲ್ಲೋ ಉದುರಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಅಪ್ಪ ಸಾಯುವವರೆಗೂ ಆ ಕತೆ ಹೇಳಿ ನಗುತ್ತಿದ್ದ. ನಾನೂ ನಗುತ್ತಿದ್ದೆ. ಆದರೆ ನಮ್ಮದೇ ಗಾಲಿ ನಮ್ಮನ್ನು ಹಿಂದೆ ಹಾಕಿ ಹೋಗುವ ಆ ನೋಟ ನನ್ನ ಹೊಟ್ಟೆಯೊಳಗೆ ಎಲ್ಲೋ ಇಳಿದು ಕುಳಿತಿತ್ತು. ಇಂದಿಗೂ ಯಾವುದೇ ಗಾಡಿ ಇಳಿಜಾರಿನಲ್ಲಿ ಬಂದರೆ ನಾನು ಮೊದಲು ನೋಡುವುದು ಡ್ರೈವರನ ಮುಖವನ್ನಲ್ಲ, ಗಾಲಿಯನ್ನು.

ಇನ್ನು ನನ್ನ ಸೊಸೆ ಸವಿತಾಳ ವಿಷಯ.

ಸವಿತಾ ಗುಂಜಿಯ ಬಾಜುವಿನ ಹಳ್ಳಿಯೊಂದರ ಸಾಲಿಯಲ್ಲಿ ಟೀಚರು. ಖಾನಾಪುರ ದಾಟಿದ ಮೇಲೆ ಅಡವಿ ಶುರುವಾಗುತ್ತದಲ್ಲ, ಆ ಅಡವಿಯ ಅಂಚಿನ ಹಳ್ಳಿ. ಮೊದಲು ರೈಲಿಗೆ ಹೋಗುತ್ತಿದ್ದಳು. ರೈಲು ತಪ್ಪಿದರೆ ಬಸ್ಸು, ಬಸ್ಸು ತಪ್ಪಿದರೆ ಯಾರದಾದರೂ ಜೀಪು. ಬೆಳಿಗ್ಗೆ ಹೋದವಳು ಸಂಜೆ ಬರುವಾಗ ಮುಖದಲ್ಲಿ ಜೀವ ಇರುತ್ತಿರಲಿಲ್ಲ. ಕೊನೆಗೆ ಆಕೆಯೇ ಮಿಲಿಟರಿ ಕ್ಯಾಂಪಿನ ಕಡೆಯ ಖಾಲಿ ರಸ್ತೆಗಳಲ್ಲಿ ಕಾರು ಕಲಿತು, ಹಳೆಯದೊಂದು ಸಣ್ಣ ಕಾರು ಕೊಂಡಳು. ಕಲಿಯುವಾಗ ಎರಡು ಸಲ ನಮ್ಮ ಗೇಟಿಗೇ ಗುದ್ದಿದಳು. ನನ್ನ ಮಗ ಬಸು, ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವವನು, ನಕ್ಕ. ಆಕೆ ನಗಲಿಲ್ಲ, ಗೇಟು ರಿಪೇರಿ ಮಾಡಿಸಿ ಮತ್ತೆ ಕಲಿತಳು. ಲೈಸನ್ಸು ಬಂದ ದಿನ ನನ್ನನ್ನೇ ಮೊದಲು ಕೂರಿಸಿಕೊಂಡು ದೇಸೂರಿನ ತನಕ ಹೋದಳು. "ಮಾವಾರ, ನಿಮ್ಮ ಗಾಲಿ ಉಚ್ಚಿದ್ದು ಎಲ್ಲಿ, ತೋರಸ್ರಿ" ಎಂದಳು. ತೋರಿಸಿದೆ. ಇಬ್ಬರೂ ನಕ್ಕೆವು. ಆಕೆ ಆ ಇಳಿಜಾರನ್ನು ಎಷ್ಟು ಚೆಂದ ಇಳಿಸಿದಳೆಂದರೆ ನನ್ನ ಕಣ್ಣು ತುಂಬಿತು.

ಮರುದಿನದಿಂದ ನಾನು ಆಕೆಯ ಕಾರಿನ ನಟ್ಟು ಬಿಗಿಯಲು ಶುರುಮಾಡಿದೆ.

ಆಕೆ ಒಳಗೆ ಡಬ್ಬಿ ಕಟ್ಟಿಕೊಳ್ಳುವ ಹೊತ್ತಿಗೆ ನಾನು ಡಿಕ್ಕಿಯಿಂದ ಪಾನಾ ತೆಗೆದು ಒಂದೊಂದು ಗಾಲಿಯ ಮುಂದೆ ಕೂರುತ್ತಿದ್ದೆ. ಕೈಯಿಂದ ಬಿಗಿದರೆ ಸಮಾಧಾನವಾಗುತ್ತಿರಲಿಲ್ಲ. ಹಾಗಾಗಿ ಕಾರಿನ ಚಾವಣಿಗೆ ಎರಡೂ ಕೈ ಆನಿಸಿ, ಪಾನಾದ ಹಿಡಿಕೆಯ ಮೇಲೆ ಕಾಲಿಟ್ಟು ನಿಲ್ಲುತ್ತಿದ್ದೆ. ನಿಂತ ಮೇಲೂ ಮನಸ್ಸಿಗೆ ಗುಂಜಿಯ ಅಡವಿಯ ತಿರುವು ಕಾಣುತ್ತಿತ್ತು, ಗಾಲಿಯೊಂದು ಒಂಟಿಯಾಗಿ ಉರುಳುವುದು ಕಾಣುತ್ತಿತ್ತು. ಆಗ ಸ್ವಲ್ಪ ಜಿಗಿಯುತ್ತಿದ್ದೆ. ನಿನ್ನೆ ಜಿಗಿದ ನಟ್ಟಿನ ಮೇಲೆ ಇವತ್ತೂ ಜಿಗಿಯುತ್ತಿದ್ದೆ. ಒಂದು ದಿನ ಗಂಗವ್ವ ಕಸ ಚೆಲ್ಲಲು ಬಂದವಳು ನೋಡಿ, "ಈ ವಯಸ್ಸಿನ್ಯಾಗ ಜೋಕಾಲಿ ಆಡಾಕ ಹತ್ತೀರೇನು? ಬಿದ್ದರ ನಾ ಎತ್ತಂಗಿಲ್ಲ ಮತ್ತ" ಎಂದು ಒಳಗೆ ಹೋದಳು. ಸೊಸೆಯ ಮೇಲಿನ ಅಕ್ಕರೆಯಿಂದ ಮಾಡಿದೆ ಎಂದು ಈಗ ಹೇಳಬಹುದು. ಹಾಗೆ ಹೇಳಿದರೆ ತಪ್ಪು ಸಣ್ಣದಾಗಿ ಕಾಣುತ್ತದೆ. ಅದಕ್ಕೇ ಹೇಳುವುದಿಲ್ಲ.

ಮಳೆಗಾಲದ ಕೊನೆಗೆ, ಸಾಲಿ ಬಿಟ್ಟು ಬರುವಾಗ, ಗುಂಜಿಗೂ ಖಾನಾಪುರಕ್ಕೂ ನಡುವೆ ಸವಿತಾಳ ಕಾರು ಪಂಚರ್ ಆಯಿತು. ಜಾಕು ಹಚ್ಚಲು ಆಕೆಗೆ ಗೊತ್ತಿತ್ತು, ಸ್ಟೆಪ್ನಿ ಇತ್ತು, ಪಾನಾ ಇತ್ತು. ನಟ್ಟು ಮಾತ್ರ ಅಲ್ಲಾಡಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಆ ಅಡವಿಯಲ್ಲಿ ಸಂಜೆಯಾದರೆ ಕರಡಿ ದಾರಿಗೆ ಬರುತ್ತದೆ ಎಂಬುದು ಸಾಲಿಯ ಮಕ್ಕಳೇ ಆಕೆಗೆ ಹೇಳಿಕೊಟ್ಟ ಪಾಠ. ಕತ್ತಲು ಇಳಿಯುವ ಹೊತ್ತಿಗೆ ಲೋಂಡಾ ಕಡೆಯಿಂದ ಬಂದ ಜೀಪಿನವನೊಬ್ಬ ನಿಲ್ಲಿಸಿ, ಪಾನಾಕ್ಕೆ ಉದ್ದದ ಕಬ್ಬಿಣದ ಪೈಪು ಸಿಕ್ಕಿಸಿ, ಇಡೀ ಮೈಭಾರ ಹಾಕಿ ಎಳೆದ. ಮೂರು ನಟ್ಟು ಕಿರುಚಿಕೊಂಡು ಬಿಚ್ಚಿದವು. ನಾಲ್ಕನೆಯದು ಬಿಚ್ಚಲಿಲ್ಲ, ಬೋಲ್ಟೇ ಕಟ್ ಎಂದು ಮುರಿಯಿತು.

ಆಕೆ ಮನೆಗೆ ಬಂದು ಆ ಮುರಿದ ತುಂಡನ್ನು ಊಟದ ತಾಟಿನ ಬಾಜು ಇಟ್ಟಳು. "ಜೀಪಿನಂವಾ ಏನಂದಾ ಗೊತ್ತೇನ್ರಿ? ಇದನ್ನ ಬಿಗಿದಂವಾ ಮನಷ್ಯಾ ಅಲ್ಲ ಅಕ್ಕಾರ, ರಾಕ್ಷಸ ಅಂದಾ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಆದರೆ ನನ್ನ ನಾಲಿಗೆ ನಿಲ್ಲಲಿಲ್ಲ. "ದೇಸೂರ ಪರಶುರಾಮನ ಕೆಲಸಾನ ಹಂಗ. ಹೋದ ತಿಂಗಳ ಟಾಯರ್ ಅಂವನ ಹಾಕಿದ್ದಲ್ಲಾ" ಎಂದೆ.

ಪರಶುರಾಮ ದೇಸೂರಿನ ರಸ್ತೆಯ ಮೇಲೆ ಟಾಯರಿನ ಅಂಗಡಿ ಇಟ್ಟವನು. ಆತ ಟಾಯರು ಹಾಕಿದ್ದು ನಿಜ, ಬಿಗಿದದ್ದೂ ನಿಜ. ಅದರ ಮೇಲೆ ದಿನಾ ಜಿಗಿದವನು ನಾನು. ಗಂಗವ್ವ ಆ ಕ್ಷಣ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಬಡಿಯುವ ಸದ್ದು ನಿಂತದ್ದು ನನಗೆ ಕೇಳಿಸಿತು. ನಾನು ತಲೆ ಎತ್ತಲಿಲ್ಲ.

"ಅಂವಾ ಬಿಗದಾನ ಖರೇ," ಎಂದಳು ಸವಿತಾ, "ಆದರ ನಾ ಪಾನಾ ಹಾಕಿ ಒತ್ತಿದೆ, ಒದ್ದೆ, ಮ್ಯಾಲೆ ಹತ್ತಿ ನಿಂತೆ. ಕೂದಲಷ್ಟೂ ಅಲ್ಲಾಡಲಿಲ್ಲ. ನನ್ನ ಕೈಯಾಗ ಕಸುವ ಇಲ್ಲ ಮಾವಾರ."

ಬಸು ಹೇಳಿದ, "ಹಂಗಾರ ಬ್ಯಾಡ ಬಿಡು. ಒಂದು ನಟ್ಟ ಬಿಚ್ಚಾಕ ಬರಂಗಿಲ್ಲಂದ್ರ ಆ ಅಡವ್ಯಾಗ ಒಬ್ಬಾಕಿ ಹೆಂಗ ಹೊಕ್ಕಿ? ಗಿರಾಕಿ ಸಿಕ್ಕ ಮ್ಯಾಲೆ ಕಾರ ಮಾರೂಣು. ಮತ್ತ ರೈಲಿಗೆ ಹೋಗು."

ಆಕೆ ವಾದ ಮಾಡುತ್ತಾಳೆ ಎಂದು ಕಾದೆ. ಗೇಟಿಗೆ ಗುದ್ದಿ ಮತ್ತೆ ಕಲಿತ ಹೆಂಗಸು. ಆಕೆ ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು, "ಹೂಂ" ಎಂದಳು.

ಅಲ್ಲಿಂದ ನನಗೆ ನೆಮ್ಮದಿಯಿಲ್ಲ. ಮುರಿದ ಬೋಲ್ಟಿನ ಗಾಲಿಯನ್ನು ಬೆಳಗಾವಿಯ ಗ್ಯಾರೇಜಿನಲ್ಲಿ ಸರಿಮಾಡಿಸಿದರು. ಉಳಿದ ಮೂರು ಗಾಲಿಗಳು ನಾನು ಜಿಗಿದಂತೆಯೇ ಇದ್ದವು. ಗಿರಾಕಿ ಸಿಗುವ ತನಕ ಆಕೆ ಅದೇ ಕಾರಿನಲ್ಲಿ ಅದೇ ಅಡವಿಗೆ ಹೋಗುತ್ತಿದ್ದಳು. ಯಾರೂ ಇಲ್ಲದಾಗ ಬಿಚ್ಚಿಡೋಣವೆಂದು ಪಾನಾ ಹಿಡಿದು ಕುಳಿತೆ. ನಾನೇ ಬಿಗಿದದ್ದು ನನಗೇ ಬಗ್ಗಲಿಲ್ಲ. ಬಿಗಿಯುವಾಗ ನನ್ನ ಜೊತೆ ಭಯವೂ ಪಾನಾದ ಮೇಲೆ ನಿಂತಿರುತ್ತಿತ್ತು, ಬಿಚ್ಚುವಾಗ ನಾನೊಬ್ಬನೇ. ಮೊಣಕಾಲು ಕಟಕಟ ಎಂದಿತು, ನಟ್ಟು ಸುಮ್ಮನಿತ್ತು.

ಆಕೆ ಸಾಲಿ ಮುಟ್ಟಿದ ಮೇಲೆ ಫೋನಿಗೆ "ಮುಟ್ಟೇನಿ" ಎಂದು ಒಂದು ಶಬ್ದ ಕಳಿಸುತ್ತಾಳೆ. ಆ ಶಬ್ದ ಬರುವ ತನಕ ನಾನು ಫೋನನ್ನು ಕೈಯಿಂದ ಕೆಳಗಿಡುತ್ತಿರಲಿಲ್ಲ. ಮೊದಲು ಗಾಲಿ ಕಳಚುತ್ತದೆಂಬ ಭಯ ಒಂದೇ ಇತ್ತು. ಈಗ ಕಳಚಲಾರದೆಂಬ ಭಯವೂ ಸೇರಿಕೊಂಡಿತು. ಎರಡು ಭಯಗಳ ನಡುವೆ ಕುಳಿತ ಮನುಷ್ಯನಿಗೆ ಹಾರ್ಡ್‌ವೇರ್ ಅಂಗಡಿಯ ಹಸಿರು ಯಂತ್ರ ದೇವರಂತೆ ಕಂಡರೆ ತಪ್ಪೇನು? ಅದೊಂದು ಡಿಕ್ಕಿಯಲ್ಲಿದ್ದರೆ ಯಾರ ಕೈಯ ಕಸುವಿನ ಮಾತೂ ಬೇಡ. ಕಾರು ಉಳಿಯುತ್ತದೆ, ಸೊಸೆ ಅಡವಿ ದಾಟುತ್ತಾಳೆ, ಪರಶುರಾಮನ ಮೇಲೆ ಹಾಕಿದ ಮಾತು ಹಾಗೆಯೇ ತಣ್ಣಗಾಗುತ್ತದೆ. ಎಲ್ಲರಿಗೂ ಒಳ್ಳೆಯದು. ನನಗೆ ಎಲ್ಲರಿಗಿಂತ ಹೆಚ್ಚು ಒಳ್ಳೆಯದು. ಈ ಕೊನೆಯ ಮಾತೇ ನನ್ನನ್ನು ಗಾಜಿನ ಹೊರಗೆ ನಿಲ್ಲಿಸುತ್ತಿದ್ದದ್ದು.

ಒಂದು ದಿನ ಅಂಗಡಿಯ ಮಾಲಕನೇ ಹೊರಗೆ ಬಂದ. "ಬರ್ರಿ ಕಾಕಾ, ಒಳಗ ಕುಂದರ್ರಿ. ದಿನಾ ಕನ್ಯಾ ನೋಡಾಕ ಬಂದಂಗ ಬಂದು ನೋಡಿ ಹೊಕ್ಕೀರಿ."

ಒಳಗೆ ಹೋದೆ. ಯಂತ್ರ ಕೈಗೆ ಕೊಟ್ಟ. ಕಲ್ಲುಸಕ್ಕರೆಯ ಪೊಟ್ಟಣದಂತೆ ಗಟ್ಟಿ ಭಾರ.

"ಇದು ಎಂಥಾ ನಟ್ಟಾದ್ರೂ ಬಿಚ್ಚತೈತೇನು?" ಎಂದೆ.

"ಬಿಚ್ಚೂದೇನ್ರಿ, ನಟ್ಟ ತಾನಾ ಹೊರಗ ಓಡಿ ಬರತೈತಿ."

"ಅಲ್ಲಾ... ಈಗ ಒಬ್ಬ ಮನಷ್ಯಾ ಪಾನಾದ ಮ್ಯಾಲೆ ನಿಂತು ಜಿಗದಿರತಾನ ಅಂತ ತಿಳಕೋರಿ. ಅಂಥಾ ನಟ್ಟ?"

"ಅಂವಾ ಯಾಕ ಜಿಗೀತಾನ್ರಿ?"

"ತಿಳಕೋರಿ ಅಂದೆ."

ಮಾಲಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಕಾಕಾ, ಇದು ಸಣ್ಣ ಮಶೀನ. ಮನಷ್ಯಾರು ಬಿಗಿದದ್ದು ಬಿಚ್ಚತೈತಿ. ಜಿಗಿದದ್ದಕ್ಕ ಗ್ಯಾರಂಟಿ ಇಲ್ಲ. ಹಂಗಿದ್ರ ಕಾರ ತರ್ರಿ, ಹಚ್ಚಿ ನೋಡೂಣು. ಬಿಚ್ಚಿದ್ರ ತಗೋರಿ."

ಕಾರು ತರಬೇಕೆಂದರೆ ಸವಿತಾ ಬರಬೇಕು. ಮುಂದಿನ ರವಿವಾರ ಆಕೆಗೆ, "ಯವ್ವಾ, ಪ್ಯಾಟಿಗೆ ಹೋಗೂಣು ನಡಿ, ಒಂದು ಸಾಮಾನ ತೋರಸ್ತೀನಿ" ಎಂದೆ. ಹೊರಡುವ ಮುಂಚೆ ಗಂಗವ್ವ ಉಪ್ಪಿನಕಾಯಿಯ ಬರಣಿ ತಂದು ನನ್ನ ಮುಂದೆ ಕುಕ್ಕಿದಳು. "ಬಿಚ್ಚಿ ಹೋಗ್ರಿ. ಎಷ್ಟು ದಿನಾ ಮುಚ್ಚಿ ಇಟ್ಟರ ಅಷ್ಟು ಕೆಡತೈತಿ." ಬರಣಿಯ ಮುಚ್ಚಳ ನೋಡಿದೆ. ಅದು ಅರ್ಧ ಸಡಿಲಾಗಿಯೇ ಇತ್ತು.

ಅಂಗಡಿಯ ಮುಂದೆ ಕಾರು ನಿಂತಿತು. ಮಾಲಕ ಯಂತ್ರವನ್ನು ಸವಿತಾಳ ಕೈಗೇ ಕೊಟ್ಟ. ಆಕೆ ಸೀರೆಯ ಸೆರಗು ಸಿಕ್ಕಿಸಿ ಕುಳಿತು, ಗ್ಯಾರೇಜಿನವರು ಸರಿಮಾಡಿದ್ದ ಗಾಲಿಯ ನಟ್ಟಿಗೆ ಹಚ್ಚಿ ಗುಂಡಿ ಒತ್ತಿದಳು. ಟರ್ರ್! ನಟ್ಟು ಅಂಗೈಗೆ ಬಿತ್ತು. ಆಕೆ ನನ್ನ ಕಡೆ ತಿರುಗಿ ನಕ್ಕ ನಗು, ಅಂದು ದೇಸೂರಿನ ಇಳಿಜಾರು ಇಳಿಸಿದಾಗ ನಕ್ಕ ನಗುವೇ. "ಮಾವಾರ, ಇದಕ್ಕ ಕರಕೊಂಡ ಬಂದ್ರೇನು?" ನನ್ನ ಎದೆ ಹಗುರಾಯಿತು. ಇಲ್ಲಿಗೇ ಮುಗಿಯಲಿ ದೇವರೇ, ಡಬ್ಬಿಗೆ ಹಾಕಿಸಿಕೊಂಡು ಹೋಗಿಬಿಡೋಣ ಎಂದುಕೊಂಡೆ.

ಆಕೆ ಆಗಲೇ ಮುಂದಿನ ಗಾಲಿಗೆ ಹೋಗಿದ್ದಳು.

ಟರ್ರ್, ಟರ್ರ್, ಟರ್ರ್. ಯಂತ್ರ ಹಲ್ಲು ಕಡಿಯಿತು. ನಟ್ಟು ಅಲ್ಲಾಡಲಿಲ್ಲ. ಮಾಲಕ ಬೇರೆ ಬ್ಯಾಟರಿ ಹಾಕಿಕೊಟ್ಟ. ಬಾಜು ಚಹಾದಂಗಡಿಯವರು ಇಬ್ಬರು ಗ್ಲಾಸು ಹಿಡಿದುಕೊಂಡೇ ನೋಡಲು ಬಂದರು. ಟರ್ರ್, ಟರ್ರ್. ಸವಿತಾ ಯಂತ್ರವನ್ನು ಕೆಳಗಿಳಿಸಿದಳು. ನಗು ಹೋಗಿತ್ತು.

"ಮಶೀನಿಗೂ ಕಸುವ ಇಲ್ಲೇನ್ರಿ?"

ಮಾಲಕನಿಗೆ ತನ್ನ ಮಾಲಿನ ಮರ್ಯಾದೆಯ ಚಿಂತೆ. "ಮಶೀನ ಛಲೋ ಐತ್ರಿ ಅಕ್ಕಾರ. ಈ ನಟ್ಟಿನ ಮ್ಯಾಲೆ ಯಾರೋ ಜಿಗದಾರ..." ಎಂದವನು ಅಲ್ಲಿಗೇ ನಿಂತು ಮೆಲ್ಲನೆ ನನ್ನ ಕಡೆ ತಿರುಗಿದ.

ಆಗಲೂ ನನಗೆ ದಾರಿ ಇತ್ತು. ಪರಶುರಾಮ ಎಂಬ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಸವಿತಾ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಅಂದು ಊಟದ ಹೊತ್ತಿನಲ್ಲಿ ನೋಡಿಕೊಂಡಂತೆಯೇ.

"ನಾನ ಜಿಗದೇನಿ," ಎಂದೆ. "ದಿನಾ. ನೀ ಡಬ್ಬಿ ಕಟ್ಟೂಮುಂದ."

ಚಹಾದವರಲ್ಲಿ ಒಬ್ಬ, "ಈ ಅಜ್ಜಾ?" ಎಂದು ಮತ್ತೊಬ್ಬನನ್ನು ಕೇಳಿದ. ಯಾರೂ ನಗಲಿಲ್ಲ. ಸವಿತಾ ಯಂತ್ರವನ್ನು ಮಾಲಕನಿಗೆ ಕೊಟ್ಟು, ಬಿಚ್ಚಿದ್ದ ನಟ್ಟನ್ನು ತಿರುಗಿ ಹಾಕಿ, ಕೈಯಿಂದ ಬಿಗಿದು, ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು, "ಕಾರ ಹತ್ರಿ."

ಕಾರು ಮನೆಯ ಕಡೆ ತಿರುಗಲಿಲ್ಲ. ದೇಸೂರಿನ ಕಡೆಗೆ, ಖಾನಾಪುರದ ರಸ್ತೆ ಹಿಡಿಯಿತು. ಗಿರಣಿಯ ಗದ್ದಲದಲ್ಲಿ ಬದುಕಿದವನಿಗೆ ಮೌನ ಎಂದರೆ ಯಾವುದೋ ಪಟ್ಟಾ ಹರಿದಿದೆ ಎಂದೇ ಅರ್ಥ.

"ಯಾಕ್ರಿ ಮಾವಾರ?" ಎಂದಳು ಕೊನೆಗೆ.

"ಗಾಲಿ ಉಚ್ಚೀತಂತ ಹೆದರಿಕಿ."

"ಅದಕ್ಕ ಬೈಯ್ಯಂಗಿಲ್ಲ ನಾ. ನನಗೂ ಹೆದರಿಕಿ ಐತಿ. ಆದರ ಅವತ್ತ ಆ ಅಡವ್ಯಾಗ ನನ್ನ ಕೈ ನಾನ ನೋಡಿಕೊಂತ ಅತ್ತೇನಿ. ಅದನ್ನ ಮನ್ಯಾಗ ಯಾರಿಗೂ ಹೇಳಿಲ್ಲ. ಕಸುವ ಇಲ್ಲದಾಕಿಗೆ ಕಾರ ಯಾಕ ಬೇಕು ಅಂತ ನಾನ ಅನಕೊಂಡೆ. ನೀವು ಬಾಜೂಕ ಕುಂತು ರೊಟ್ಟಿ ಮುರಕೊಂತ ಕೇಳಿದ್ರಿ."

ನಾನು ಕೇಳಿದ್ದೆ. ರೊಟ್ಟಿಯನ್ನೂ ಮುರಿದಿದ್ದೆ.

ಪರಶುರಾಮನ ಅಂಗಡಿಯಲ್ಲಿ ಲಾರಿಗಳಿಗೆಂದು ಇಟ್ಟ, ಗಾಳಿಯ ಒತ್ತಡದಿಂದ ನಟ್ಟು ಬಿಚ್ಚುವ ದೊಡ್ಡ ಮಶೀನು ಇದೆ. ಅದು ಗುಡುಗುಡು ಎಂದು ಮೂರೂ ಗಾಲಿಗಳ ನಟ್ಟುಗಳನ್ನು ಕಿತ್ತಿತು. ಎರಡು ಬೋಲ್ಟುಗಳ ತಿರುಪಿನ ಗೆರೆಗಳು ಸವೆದು ಹೋಗಿದ್ದವು. ಆತ ಅವನ್ನು ಬದಲಿಸುತ್ತಿದ್ದಾಗ ನಾನು ಹೇಳಿದೆ, ನಿನ್ನ ಹೆಸರು ಹೇಳಿ ನಾನು ಪಾರಾಗಿದ್ದೆ ಎಂದು. ಹೇಳುವಾಗ ನಿಂತೇ ಹೇಳಿದೆ. ಕುಳಿತರೆ ಎದ್ದೇಳಲಾರೆ ಎನಿಸಿತು.

ಪರಶುರಾಮ ತಲೆ ಎತ್ತದೆ ಹೇಳಿದ, "ಅದಕ್ಕನ ಏನ್ರಿ ಕಾಕಾ, ಈ ದಾರೀಲೆ ಹೋಗೂ ಟೀಚರಗೋಳ ಗಾಡಿ ಒಂದೂ ಈಗ ನನ್ನ ಮುಂದ ನಿಂದರಂಗಿಲ್ಲ. ನಾ ತಿಳಕೊಂಡೆ, ಯಾವನೋ ಹೊಸಾ ಅಂಗಡಿ ಹಾಕ್ಯಾನ ಅಂತ." ಆಮೇಲೆ ಸ್ವಲ್ಪ ತಡೆದು, "ನಮ್ಮ ಆಯಿ ನಿಮ್ಮ ಗಿರಣ್ಯಾಗ ಗೋದಿ ಬೀಸಸ್ತಿದ್ಲು. ನಿಮಗ ಏನ ಅನ್ನಾಕ ಬರತೈತಿ? ಆದರ ಬಿಟ್ಟುಬಿಡ್ರಿ ಅಂತ ನಾ ಅನ್ನಂಗಿಲ್ಲ" ಎಂದ.

ಟೀಚರುಗಳಿಗೆ ಆ ಸುದ್ದಿ ಹಬ್ಬಿಸಿದವಳು ಸವಿತಾಳೇ, ನನ್ನ ಮಾತು ನಂಬಿ. ಆಕೆ ಪರ್ಸಿನಿಂದ ಫೋನು ತೆಗೆದು, ಅವರೆಲ್ಲ ಇರುವ ಗ್ರೂಪನ್ನು ಒತ್ತಿ ನನ್ನ ಬಾಯಿಯ ಮುಂದೆ ಹಿಡಿದಳು. "ನಾ ಹೇಳಿದ್ರ ಆಗೂದಿಲ್ಲ. ನೀವ ಹೇಳ್ರಿ."

ಜನ್ಮದಲ್ಲಿ ಮೈಕಿನ ಮುಂದೆ ಮಾತಾಡಿದವನಲ್ಲ. "ನಾನು... ಸವಿತಾ ಟೀಚರ ಮಾವ ಮಲ್ಲಪ್ಪ ಮಾತಾಡಾಕ ಹತ್ತೇನ್ರಿ. ನಟ್ಟ ಬಿಗಿದದ್ದು ಪರಶುರಾಮ ಅಲ್ಲ, ನಾನು. ಪಾನಾದ ಮ್ಯಾಲೆ ನಿಂತು ಜಿಗದೇನ್ರಿ. ಸುಳ್ಳ ಹೇಳೇನ್ರಿ. ತಪ್ಪಾತ್ರಿ." ಅಷ್ಟರಲ್ಲಿ ಒಂದು ಲಾರಿ ಹಾರ್ನ್ ಹೊಡೆಯುತ್ತ ಹೋದದ್ದರಿಂದ ಸವಿತಾ, "ಕೇಳಸಲಿಲ್ಲ, ಮತ್ತ ಹೇಳ್ರಿ" ಎಂದು ಮತ್ತೊಮ್ಮೆ ಹೇಳಿಸಿದಳು. ಮೊದಲನೆಯದೂ ಸರಿಯಾಗಿಯೇ ಕೇಳಿಸಿತ್ತೆಂದು ನನಗೆ ಈಗಲೂ ಅನುಮಾನವಿದೆ. ಒಬ್ಬ ಟೀಚರು ಕೂಡಲೇ ನಗುವ ಗೊಂಬೆ ಕಳಿಸಿದಳಂತೆ. ಉಳಿದವರು ಏನೂ ಕಳಿಸಲಿಲ್ಲ.

ಹೊಸ ಬೋಲ್ಟು ಹಾಕಿದ ಮೇಲೆ ನಟ್ಟುಗಳನ್ನು ಸವಿತಾಳೇ ಬಿಗಿದಳು, ಕಾರಿನದೇ ಪಾನಾದಿಂದ, ಕೈಯಿಂದ. ಪರಶುರಾಮ ಮುಟ್ಟಿ ನೋಡಿ "ಬಸ್ಸ, ಇಷ್ಟ ಸಾಕು" ಎಂದ. ನನ್ನ ಕಾಲು ಹೆಬ್ಬೆರಳಿನ ತನಕ ತುಡಿಯಿತು. ಇನ್ನೊಂದು ಸುತ್ತು, ಬರೇ ಒಂದು ಅರ್ಧ ಸುತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

ಆಮೇಲೆ ಆಕೆ ಯಾರೂ ಹೇಳದ ಕೆಲಸವೊಂದನ್ನು ಮಾಡಿದಳು. ಬಿಗಿದ ನಟ್ಟಿಗೇ ಪಾನಾವನ್ನು ತಿರುವಿ ಹಾಕಿ, ಉಸಿರು ಹಿಡಿದು, ಒಮ್ಮೆ ಒತ್ತಿದಳು. ಕಿರ್ ಎಂದು ನಟ್ಟು ಸಡಿಲಾಯಿತು. ಮತ್ತೆ ಬಿಗಿದಳು. ಮತ್ತೆ ಬಿಚ್ಚಿದಳು. ಪಾನಾ ಕೆಳಗಿಟ್ಟು ತನ್ನ ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿಕೊಂಡಳು. ನಾನು ಆ ಕಡೆ ನೋಡದೆ ರಸ್ತೆಯ ಕಡೆ ನೋಡಿದೆ.

ಕಾರು ಮಾರುವ ಮಾತು ಮನೆಯಲ್ಲಿ ಆಮೇಲೆ ಏಳಲಿಲ್ಲ. ಬಸು ನನ್ನ ಜೊತೆ ಎಷ್ಟೋ ದಿನ ಎರಡೇ ಮಾತಿನಲ್ಲಿ ಮುಗಿಸುತ್ತಿದ್ದ. ಗಂಗವ್ವ ಅಡುಗೆಮನೆಯ ಡಬ್ಬಿಗಳ ಮುಚ್ಚಳಗಳನ್ನು ನಾನು ಮುಟ್ಟಬಾರದೆಂದು ಕಾಯ್ದೆ ಬದಲಾಯಿಸಿದಳು, ಅಷ್ಟೇ.

ಬ್ಯಾಟರಿ ಪಾನಾ ಏನಾಯಿತು ಎಂದು ನೀವು ಕೇಳುತ್ತೀರಿ. ಅದನ್ನು ಸವಿತಾಳೇ ಒಂದು ದಿನ ತಂದಳು. ನಾನು ಬೆಪ್ಪಾಗಿ ನೋಡಿದೆ. "ಹಿಂಗ್ಯಾಕ ನೋಡತೀರಿ?" ಎಂದಳು, "ಕೈಯಾಗ ಕಸುವ ಐತಿ ಅಂತ ಮಳ್ಯಾಗ, ಕೆಸರಾಗ ಕುಂತು ತಿರುವಬೇಕೇನು? ಬಿಚ್ಚಾಕ ಇದು, ಬಿಗಿಯಾಕ ನನ್ನ ಕೈ." ಒಬ್ಬ ಮುದುಕ ತಿಂಗಳುಗಟ್ಟಲೆ ತೂಗಿದ್ದನ್ನು ಆಕೆ ಚಪ್ಪಲಿ ಬಿಚ್ಚುವಷ್ಟರಲ್ಲಿ ತೂಗಿ ಮುಗಿಸಿದಳು. ನನಗೆ ಅದು ಸುಳ್ಳಿನ ಮೇಲೆ ಮುಚ್ಚುವ ಮುಚ್ಚಳವಾಗಿತ್ತು, ಆಕೆಗೆ ಬರೀ ಒಂದು ಸಾಮಾನು. ನೀವು ಕೊಳ್ಳಬೇಕೆಂದಿದ್ದರೆ ಕೊಳ್ಳಿ, ಒಳ್ಳೆಯದೇ. ಕೊಳ್ಳುವ ಮುಂಚೆ ನಿಮ್ಮ ಗಾಲಿಯನ್ನು ಬಿಗಿದವರು ಯಾರು ಎಂದು ಮಾತ್ರ ಮನೆಯಲ್ಲಿ ವಿಚಾರಿಸಿ.

ಅದಕ್ಕೆ ಚಾರ್ಜು ಮಾಡುವ ಕೆಲಸ ನನಗೆ ಕೊಟ್ಟಿದ್ದಾಳೆ. ಬ್ಯಾಟರಿ ತುಂಬಿದ್ದರೂ ನಾನು ದಿನಾ ಹಚ್ಚುತ್ತೇನೆ, ಖಾಲಿಯಾದೀತೆಂಬ ಭಯ. ಇರಲಿ, ಇದರಿಂದ ಬೋಲ್ಟು ಮುರಿಯುವುದಿಲ್ಲ.

ಬೆಳಿಗ್ಗೆ ಆಕೆ ಹೊರಡುವಾಗ ಗೇಟು ತೆಗೆಯುವವನು ನಾನೇ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ನಮ್ಮ ಗಲ್ಲಿ ಮುಂದೆ ಸ್ವಲ್ಪ ಇಳಿಜಾರು. ಕಾರು ಇಳಿಯುತ್ತದೆ, ನಾನು ಗಾಲಿ ನೋಡುತ್ತೇನೆ, ಕಣ್ಣ ಮುಂದೆ ಅದೇ ಹಳೆಯ ಚಕ್ಕಡಿ ವಾಲುತ್ತದೆ. ನಾನು ಬಿಗಿಯದ ಗಾಲಿಗಳು. ತಿರುವಿನ ತನಕ ನೋಡುತ್ತೇನೆ. ಒಂದು ಗಾಲಿಯೂ ಇದುವರೆಗೆ ಆಕೆಯನ್ನು ದಾಟಿ ಮುಂದೆ ಹೋಗಿಲ್ಲ. ನಾಲ್ಕೂ ಆಕೆಯ ಜೊತೆಗೇ ತಿರುಗಿಕೊಳ್ಳುತ್ತವೆ.